ಮನೆಯಲ್ಲೇ ವ್ಯಾಯಾಮ: ನಡಿಗೆ, ಯೋಗ, ಜಿಗಿತ, ಬಲದ ವ್ಯಾಯಾಮ – ಹೊಸದಾಗಿ ಶುರು ಮಾಡುವ ಹೆಂಗಸರಿಗೆ ಯಾವುದು ಸರಿ?

ವ್ಯಾಯಾಮ ಶುರು ಮಾಡಬೇಕು ಅಂತ ಮನಸ್ಸು ಮಾಡಿ ಫೋನ್ ಕೈಗೆತ್ತಿಕೊಂಡರೆ ತಲೆ ಕೆಟ್ಟುಹೋಗುತ್ತದೆ. ಒಬ್ಬರು ದಿನಕ್ಕೆ ನಾಲ್ಕೇ ನಿಮಿಷ ಸಾಕು ಅನ್ನುತ್ತಾರೆ. ಇನ್ನೊಬ್ಬರು ಯೋಗ ಬಿಟ್ಟರೆ ಬೇರೇನೂ ಬೇಡ ಅನ್ನುತ್ತಾರೆ. ಮತ್ತೊಬ್ಬರು ಡಂಬೆಲ್ ಎತ್ತಿ ಅನ್ನುತ್ತಾರೆ, ಅದರ ಕೆಳಗೇ ಯಾರೋ ಹೆಂಗಸರು ಭಾರ ಎತ್ತಬಾರದು ಅಂತ ಬರೆದಿರುತ್ತಾರೆ. ನೋಡ್ತಾ ನೋಡ್ತಾ ಅರ್ಧ ಗಂಟೆ ಕಳೆದಿರುತ್ತದೆ. ಇನ್ನೂ ಬಟ್ಟೆ ಬದಲಾಯಿಸಿರುವುದಿಲ್ಲ.

ನನಗೂ ಹಾಗೇ ಆಗಿತ್ತು. ನಾನು ಶುರು ಮಾಡಿದ್ದು ಕೂತು ಹಾರಿ, ನಿಂತು ಹಾರಿ ಮಾಡುವ ಇಪ್ಪತ್ತು ನಿಮಿಷದ ಒಂದು ವಿಡಿಯೊದಿಂದ. ಮೊದಲ ದಿನ ಖುಷಿಯಾಯಿತು. ಎರಡನೇ ದಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾಯಿತು. ಮೂರನೇ ದಿನ ಚಾಪೆ ಬಿಚ್ಚಲೇ ಇಲ್ಲ. ಆಮೇಲೆ ಏಳು ತಿಂಗಳು ಅದರ ಸುದ್ದಿಗೇ ಹೋಗಲಿಲ್ಲ. ಮತ್ತೆ ಶುರು ಮಾಡಿದಾಗ ಇದ್ದದ್ದು ಒಂದು ಕುರ್ಚಿ, ಒಂದು ಗೋಡೆ, ವಾರಕ್ಕೆ ಮೂರು ದಿನ, ದಿನಕ್ಕೆ ಹದಿನೈದು ನಿಮಿಷ. ಆ ಅಭ್ಯಾಸ ಮಾತ್ರ ಉಳಿಯಿತು.

ಅದಕ್ಕೇ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಶುರು ಮಾಡುವ ಹೆಚ್ಚಿನ ಹೆಂಗಸರಿಗೆ ಸರಿಹೋಗುವುದು ವಾರಕ್ಕೆ ಎರಡು-ಮೂರು ದಿನ ಸುಲಭದ ಬಲದ ವ್ಯಾಯಾಮ, ಉಳಿದ ದಿನ ಚುರುಕು ನಡಿಗೆ. ಯೋಗ ಜೊತೆಗಿರಲಿ. ಜಿಗಿತ ಆಮೇಲೆ ಬರಲಿ. ಯಾಕೆ ಹೀಗೆ ಹೇಳುತ್ತಿದ್ದೇನೆ, ಯಾರಿಗೆ ಈ ಲೆಕ್ಕ ಬದಲಾಗುತ್ತದೆ ಅನ್ನುವುದನ್ನು ನೋಡೋಣ.

ಹೋಲಿಸುವುದು ಯಾವುದರ ಮೇಲೆ?

ತೂಕ ಎಷ್ಟು ಇಳಿಯುತ್ತದೆ ಅನ್ನುವುದೊಂದನ್ನೇ ಹಿಡಿದು ಹೋಲಿಸಿದರೆ ದಾರಿ ತಪ್ಪುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಸಲಹೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಬೇಕು. ಇಲ್ಲವೇ 75ರಿಂದ 150 ನಿಮಿಷ ಜೋರಾದ ಚಟುವಟಿಕೆ. ಇಷ್ಟು ಬಹಳ ಜನರಿಗೆ ಗೊತ್ತು. ಅದೇ ಸಲಹೆಯಲ್ಲಿ ಇನ್ನೊಂದು ಮಾತೂ ಇದೆ: ವಾರಕ್ಕೆ ಎರಡು ದಿನವಾದರೂ ದೇಹದ ಎಲ್ಲ ದೊಡ್ಡ ಸ್ನಾಯುಗಳಿಗೆ ಕೆಲಸ ಕೊಡುವ ಬಲದ ವ್ಯಾಯಾಮ ಮಾಡಬೇಕು. ನಾವು ಹೆಂಗಸರು ಬಿಟ್ಟುಬಿಡುವುದು ಈ ಎರಡನೇ ಮಾತನ್ನೇ.

ಸಮಾಧಾನದ ಸಂಗತಿ ಒಂದಿದೆ. ಹಳೆಯ ಸಲಹೆಯಲ್ಲಿ ಕನಿಷ್ಠ 10 ನಿಮಿಷ ಬಿಡದೆ ಮಾಡಿದರೆ ಮಾತ್ರ ಲೆಕ್ಕಕ್ಕೆ ಅಂತಿತ್ತು. 2020ರಲ್ಲಿ ಆ ಷರತ್ತು ತೆಗೆದರು. ಅಂದರೆ ಮಗು ಮಲಗಿದಾಗ ಸಿಗುವ ಆರು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಮಧ್ಯಮ, ಜೋರು ಅಂತ ಹೇಗೆ ಗೊತ್ತಾಗುತ್ತದೆ? ಕೈಗೆ ವಾಚ್ ಕಟ್ಟಬೇಕಿಲ್ಲ. ವ್ಯಾಯಾಮ ಮಾಡುತ್ತಾ ಮಾತಾಡಿ ನೋಡಿ. ಮಾತಾಡಲು ಆಗುತ್ತದೆ, ಆದರೆ ಹಾಡಲು ಉಸಿರು ಸಾಲದು ಅಂದರೆ ಅದು ಮಧ್ಯಮ. ನಾಲ್ಕು ಮಾತಿಗೆ ಉಸಿರು ಎಳೆಯಬೇಕಾದರೆ ಅದು ಜೋರು. ಆರಾಮಾಗಿ ಹಾಡಿಕೊಂಡೇ ಮಾಡಬಹುದು ಅಂದರೆ ಸ್ವಲ್ಪ ವೇಗ ಹೆಚ್ಚಿಸಬೇಕು.

ಹಾಗಾಗಿ ಪ್ರತಿಯೊಂದನ್ನೂ ನಾನು ನಾಲ್ಕು ಪ್ರಶ್ನೆ ಇಟ್ಟು ನೋಡುತ್ತೇನೆ. ಹೃದಯಕ್ಕೆ ಕೆಲಸ ಸಿಗುತ್ತದೆಯಾ? ಸ್ನಾಯು-ಮೂಳೆಗೆ ಸಿಗುತ್ತದೆಯಾ? ಮಂಡಿ, ಸೊಂಟ ತಡೆದುಕೊಳ್ಳುತ್ತವೆಯಾ? ಮೂರನೇ ವಾರವೂ ಮಾಡುತ್ತೀನಾ? ಕೊನೆಯ ಪ್ರಶ್ನೆಗೆ ನಾನು ಕೊಡುವ ತೂಕ ಜಾಸ್ತಿ.

ನಡಿಗೆ ಮತ್ತು ಕುಣಿತ

ಮನೆಯೊಳಗೆ ನಡೆಯುವುದೂ ನಡಿಗೆಯೇ. ನಿಂತಲ್ಲೇ ಮಂಡಿ ಎತ್ತಿ ಹೆಜ್ಜೆ ಹಾಕುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು, ಹಾಡು ಹಾಕಿಕೊಂಡು ಕುಣಿಯುವುದು, ಇವೆಲ್ಲ ಒಂದೇ ಗುಂಪು. ಕಲಿಯಲು ಏನೂ ಇಲ್ಲ, ಪೆಟ್ಟಾಗುವ ಭಯ ಕಡಿಮೆ, ಮನಸ್ಸಿಗೆ ಹಿತ. ಬಹಳ ವರ್ಷ ಏನೂ ಮಾಡದೇ ಇದ್ದವರು, ತೂಕ ಜಾಸ್ತಿ ಇರುವವರು, ಕಾಯಿಲೆಯಿಂದ ಎದ್ದವರು ಮೊದಲ ಎರಡು ವಾರ ಇದೊಂದನ್ನೇ ಮಾಡಿದರೂ ತಪ್ಪಿಲ್ಲ.

ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ಕೊರಗುವವರಿಗೆ ಒಂದು ಮಾತು. ಆ ಸಂಖ್ಯೆ ವೈದ್ಯರ ಪರೀಕ್ಷೆಯಿಂದ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಣ್ಣ ಯಂತ್ರ ಮಾರುಕಟ್ಟೆಗೆ ತಂದಿತು. ಅದಕ್ಕಿಟ್ಟ ಹೆಸರೇ 'ಮಾನ್‌ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ನೀವು ಈಗ ದಿನಕ್ಕೆ ಮೂರು ಸಾವಿರ ಹೆಜ್ಜೆ ಹಾಕುತ್ತಿದ್ದರೆ ನಾಲ್ಕು ಸಾವಿರಕ್ಕೆ ಏರಿಸಿ. ಅದು ನಿಜವಾದ ಏರಿಕೆ.

ಇದರ ಕೊರತೆ ಒಂದೇ. ತೋಳು, ಭುಜ, ಬೆನ್ನಿಗೆ ಏನೂ ಸಿಗುವುದಿಲ್ಲ. ಕಾಲೂ ಒಂದು ಹಂತದ ನಂತರ ಒಗ್ಗಿಹೋಗುತ್ತದೆ. ನಡಿಗೆ ಬೇಕೇ ಬೇಕು, ನಡಿಗೆಯೊಂದೇ ಸಾಲದು.

ಯೋಗ

ಯೋಗದ ಬಗ್ಗೆ ನನಗೆ ತುಂಬ ಪ್ರೀತಿ. ಬಿಗಿದುಕೊಂಡ ಸೊಂಟ ಸಡಿಲವಾಗುವುದು, ಉಸಿರು ನಿಧಾನವಾಗುವುದು, ಒಂಟಿ ಕಾಲಲ್ಲಿ ನಿಂತಾಗ ತೂಗಾಡದೆ ನಿಲ್ಲುವುದು, ಇವನ್ನು ಇಷ್ಟು ಚೆನ್ನಾಗಿ ಕೊಡುವ ಇನ್ನೊಂದು ವ್ಯಾಯಾಮ ನಾನು ಕಂಡಿಲ್ಲ. ನಿದ್ದೆ ಸರಿಯಿಲ್ಲದವರು, ಮನಸ್ಸು ಸದಾ ಓಡುತ್ತಿರುವವರು ಇದರಿಂದಲೇ ಶುರು ಮಾಡಲಿ.

ಆದರೆ ಯೋಗ ಅಂದರೆ ಯಾವ ಯೋಗ ಅನ್ನುವ ಪ್ರಶ್ನೆ ಇದೆ. ನಿಧಾನವಾಗಿ ಆಸನ ಹಾಕಿ ಬಿಡುವುದು ಶ್ರಮದ ಲೆಕ್ಕದಲ್ಲಿ ಚುರುಕು ನಡಿಗೆಗಿಂತ ಕಡಿಮೆ. ಸೂರ್ಯನಮಸ್ಕಾರವನ್ನು ಬಿಡದೆ ಹತ್ತಾರು ಸುತ್ತು ಮಾಡಿದರೆ ಏದುಸಿರು ಬರುತ್ತದೆ, ಅದು ಮಧ್ಯಮಕ್ಕೆ ಏರುತ್ತದೆ. ಎರಡರಲ್ಲೂ ಕಾಣದ ಒಂದು ಸಂಗತಿಯೆಂದರೆ ಎಳೆಯುವ ಕೆಲಸ. ಚಾಪೆಯ ಮೇಲೆ ನಾವು ನೆಲವನ್ನು ತಳ್ಳುತ್ತೇವೆ. ಯಾವುದನ್ನೂ ನಮ್ಮ ಕಡೆಗೆ ಎಳೆದುಕೊಳ್ಳುವುದಿಲ್ಲ. ಮೇಲ್ಬೆನ್ನಿನ ಸ್ನಾಯುಗಳಿಗೆ ಬೇಕಾದದ್ದು ಈ ಎಳೆತವೇ. ದಿನವಿಡೀ ಬಗ್ಗಿ ಕೆಲಸ ಮಾಡುವವರಿಗಂತೂ ಇದು ದೊಡ್ಡ ಕೊರತೆ.

ಇನ್ನೊಂದು ಎಚ್ಚರಿಕೆ. ಮೂಳೆ ಸವೆದು ದುರ್ಬಲವಾಗಿದೆ (ಆಸ್ಟಿಯೊಪೊರೋಸಿಸ್) ಅಂತ ವೈದ್ಯರು ಹೇಳಿದ್ದರೆ ಬೆನ್ನು ದುಂಡಗೆ ಮಾಡಿ ಮುಂದಕ್ಕೆ ತುಂಬ ಬಗ್ಗುವ ಆಸನ, ಜೋರಾಗಿ ತಿರುಚುವ ಆಸನ ಬೇಡ. ಬೆನ್ನುಮೂಳೆಯ ಮುಂಭಾಗದ ಮೇಲೆ ಒತ್ತಡ ಬಿದ್ದು ಬಿರುಕು ಬಿಡುವ ಅಪಾಯವಿದೆ. ವಿಡಿಯೊ ನೋಡಿ ಕಲಿಯುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಜಿಗಿತ, ಸ್ಕಿಪ್ಪಿಂಗ್, ನಾಲ್ಕು ನಿಮಿಷದ ವ್ಯಾಯಾಮ

ಸಮಯ ಕಡಿಮೆ, ಫಲ ಜಾಸ್ತಿ ಅನ್ನುವ ಆಸೆ ತೋರಿಸುವುದು ಈ ಗುಂಪು. ನಿಜಕ್ಕೂ ಹೃದಯ ಮತ್ತು ಶ್ವಾಸಕೋಶಕ್ಕೆ ಕಡಿಮೆ ಹೊತ್ತಿನಲ್ಲಿ ಇಷ್ಟು ಕೆಲಸ ಕೊಡುವುದು ಬೇರೆ ಇಲ್ಲ. ಹಗ್ಗ ಜಿಗಿತದ ಶ್ರಮ ಸಾಧಾರಣ ನಡಿಗೆಯ ಎರಡು-ಮೂರು ಪಟ್ಟು.

ಆದರೆ 'ನಾಲ್ಕು ನಿಮಿಷ' ಎಲ್ಲಿಂದ ಬಂತು ನೋಡಿ. ಜಪಾನಿನ ಇಝುಮಿ ತಬಾಟಾ ಅವರ ತಂಡ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 20 ಸೆಕೆಂಡ್ ಪೂರ್ತಿ ಜೋರು, 10 ಸೆಕೆಂಡ್ ಬಿಡುವು, ಹೀಗೆ ಏಳೆಂಟು ಸುತ್ತು, ಒಟ್ಟು ಸುಮಾರು ನಾಲ್ಕು ನಿಮಿಷ. ಫಲಿತಾಂಶ ಚೆನ್ನಾಗಿಯೇ ಬಂತು. ಆದರೆ ಮಾಡಿದವರು ಆಟೋಟದಲ್ಲಿ ಆಗಲೇ ಪಳಗಿದ ಯುವಕರು. ಅದೂ ಒಂದೇ ಕಡೆ ನಿಂತ ಸೈಕಲ್ ಮೇಲೆ. ಪಾದ ನೆಲಕ್ಕೆ ಬಡಿಯುವ ಪ್ರಶ್ನೆಯೇ ಇರಲಿಲ್ಲ. ಅದನ್ನು ತಂದು, ವರ್ಷಗಟ್ಟಲೆ ಓಡದ ಹೆಂಗಸಿನ ಮುಂದೆ ಜಿಗಿತದ ರೂಪದಲ್ಲಿ ಇಟ್ಟರೆ ಅದು ಬೇರೆಯೇ ವ್ಯಾಯಾಮ ಆಗುತ್ತದೆ. ಜಿಗಿದು ಇಳಿಯುವ ಪ್ರತಿ ಸಲ ಮಂಡಿ, ಹಿಮ್ಮಡಿ, ಸೊಂಟ ದೇಹದ ತೂಕಕ್ಕಿಂತ ಜಾಸ್ತಿ ಭಾರ ತಡೆಯಬೇಕು. ತಡೆಯುವ ಸ್ನಾಯು ಇನ್ನೂ ತಯಾರಿರುವುದಿಲ್ಲ.

ಇನ್ನೊಂದು ವಿಷಯ ಇದೆ. ಇದನ್ನು ಹೆಂಗಸರು ತಮ್ಮ ತಮ್ಮಲ್ಲೂ ಮಾತಾಡಿಕೊಳ್ಳುವುದಿಲ್ಲ. ಜಿಗಿಯುವಾಗ, ಕೆಮ್ಮುವಾಗ ಒಂದೆರಡು ಹನಿ ಮೂತ್ರ ಹೋಗುವುದು. ಹೆರಿಗೆಯಾದವರಲ್ಲಿ, ಮುಟ್ಟು ನಿಂತವರಲ್ಲಿ ಇದು ತುಂಬ ಸಾಮಾನ್ಯ. ವಯಸ್ಸಾಯಿತು, ಇನ್ನು ಹೀಗೇ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ಕಿಬ್ಬೊಟ್ಟೆಯ ತಳದಲ್ಲಿ ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಎತ್ತಿ ಹಿಡಿಯುವ ಸ್ನಾಯುಗಳಿವೆ. ಅವು ಸಡಿಲವಾದಾಗ ಹೀಗಾಗುತ್ತದೆ. ಅಮೆರಿಕದ ವೈದ್ಯ ಆರ್ನಲ್ಡ್ ಕೆಗಲ್ 1948ರಲ್ಲೇ ಆ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಮೂತ್ರ, ವಾಯು ಎರಡನ್ನೂ ತಡೆಯುವಾಗ ಒಳಗೆ ಹೇಗೆ ಬಿಗಿಯುತ್ತೀರೋ ಹಾಗೆ ಬಿಗಿದು, ಕೆಲವು ಸೆಕೆಂಡ್ ಹಿಡಿದು, ಪೂರ್ತಿ ಬಿಡುವುದು. ಉಸಿರು ಕಟ್ಟಬಾರದು, ತೊಡೆ ಬಿಗಿಯಬಾರದು. ಕೂತಲ್ಲೇ ಮಾಡಬಹುದು. ಕೆಲವು ವಾರ ಮಾಡಿಯೂ ಕಡಿಮೆಯಾಗದಿದ್ದರೆ ವೈದ್ಯರಿಗೆ ಹೇಳಿ, ಚಿಕಿತ್ಸೆ ಇದೆ. ಅಲ್ಲಿಯವರೆಗೆ ಜಿಗಿತ ಬೇಡ.

ಹಾಗಂತ ಜಿಗಿತ ಕೆಟ್ಟದ್ದಲ್ಲ. ಎರಡು-ಮೂರು ತಿಂಗಳು ಕಾಲಿಗೆ ಬಲ ಬಂದ ಮೇಲೆ, ಎದೆಗೆ ಸರಿಯಾದ ಆಧಾರ ಕೊಡುವ ಸ್ಪೋರ್ಟ್ಸ್ ಬ್ರಾ ಹಾಕಿಕೊಂಡು, ವಾರಕ್ಕೊಮ್ಮೆ ಸೇರಿಸಿಕೊಂಡರೆ ಮಜಾ ಕೊಡುತ್ತದೆ.

ಬಲದ ವ್ಯಾಯಾಮ

ಸ್ಟ್ರೆಂತ್ ಟ್ರೈನಿಂಗ್ ಅಂದ ಕೂಡಲೇ ನಮಗೆ ಜಿಮ್ಮು, ಕಬ್ಬಿಣ, ಉಬ್ಬಿದ ತೋಳು ನೆನಪಾಗುತ್ತದೆ. ಹಾಗಾಗಿ ಹತ್ತಿರಕ್ಕೂ ಹೋಗುವುದಿಲ್ಲ. ಗಂಡಸರ ಹಾಗೆ ತೋಳು ಉಬ್ಬುತ್ತದೆ ಅನ್ನುವ ಭಯ ಬಿಟ್ಟುಬಿಡಿ. ಸ್ನಾಯು ಆ ಮಟ್ಟಿಗೆ ದಪ್ಪವಾಗಲು ದೊಡ್ಡ ಕಾರಣ ಟೆಸ್ಟೋಸ್ಟಿರಾನ್ ಹಾರ್ಮೋನು. ಹೆಂಗಸರಲ್ಲಿ ಅದು ಗಂಡಸರಿಗಿಂತ ಬಹಳ ಬಹಳ ಕಡಿಮೆ. ವಾರಕ್ಕೆ ಮೂರು ದಿನ ಕುರ್ಚಿ ಹಿಡಿದು ಮಾಡುವ ವ್ಯಾಯಾಮದಿಂದ ಮೈ ಗಟ್ಟಿಯಾಗುತ್ತದೆ, ಅಷ್ಟೇ.

ನಮಗೆ ಇದು ಯಾಕೆ ಜಾಸ್ತಿ ಬೇಕು ಅಂದರೆ, ಮೂಳೆ. ಮೂಳೆಯ ಗಟ್ಟಿತನ ಹೆಚ್ಚುಕಡಿಮೆ 30ರ ವಯಸ್ಸಿನ ಹೊತ್ತಿಗೆ ತುದಿ ಮುಟ್ಟುತ್ತದೆ. ಆಮೇಲೆ ನಿಧಾನವಾಗಿ ಇಳಿಯುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜನ್ ಹಾರ್ಮೋನು ಕುಸಿದಾಗ ಆ ಇಳಿತ ಜೋರಾಗುತ್ತದೆ. ಸ್ನಾಯು ಎಳೆದಾಗ, ಭಾರ ಬಿದ್ದಾಗ ಮೂಳೆಗೆ 'ಗಟ್ಟಿಯಾಗಿರು' ಅನ್ನುವ ಸೂಚನೆ ಹೋಗುತ್ತದೆ. ಆ ಸೂಚನೆ ಕೊಡಲು ಔಷಧಿ ಅಂಗಡಿಗೆ ಹೋಗಬೇಕಿಲ್ಲ, ಕುರ್ಚಿಯಿಂದ ಎದ್ದರೆ ಆಯಿತು.

ನನ್ನ ಚಿಕ್ಕಮ್ಮನಿಗೆ ಅರವತ್ತು ದಾಟಿದೆ. ಕುರ್ಚಿಯಿಂದ ಏಳುವಾಗಲೆಲ್ಲ ಎರಡೂ ಕೈ ತೊಡೆಯ ಮೇಲೆ ಊರಿ, ಒಂದು ಸಲ ಮುಂದಕ್ಕೆ ತೂಗಿ ಏಳುತ್ತಿದ್ದರು. ನಾನು ಕೂತು ಏಳುವುದನ್ನು ನೋಡಿ, "ಇದೂ ಒಂದು ವ್ಯಾಯಾಮನೇನೇ?" ಅಂದರು. "ಕೈ ಎದೆ ಮೇಲೆ ಕಟ್ಕೊಂಡು ಒಂದ್ಸಲ ಎದ್ದು ನೋಡಿ ಚಿಕ್ಕಮ್ಮ" ಅಂದೆ. ಎದ್ದರು, ಅರ್ಧಕ್ಕೆ ಮತ್ತೆ ಕೂತರು. ಅವರ ಮುಖ ಸ್ವಲ್ಪ ಹೊತ್ತು ಗಂಭೀರವಾಗಿತ್ತು. ಮರುದಿನ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿದೆವು. ಈಗ ಐದು ಸಲ ಆಯಿತು. ಎರಡು ವಾರಕ್ಕೆ ಒಂದು ದಿಂಬು ಹೋಯಿತು. ಎರಡನೇ ತಿಂಗಳಲ್ಲಿ ಬರೀ ಕುರ್ಚಿ.

ಕುರ್ಚಿಯ ಬಸ್ಕಿ ಹೇಗೆ ಅಂತ ಸರಿಯಾಗಿ ಹೇಳುತ್ತೇನೆ, ಯಾಕೆಂದರೆ ಇದೊಂದು ಸರಿಯಾದರೆ ಅರ್ಧ ಕೆಲಸ ಆದಂತೆ. ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ, ಜಾರಬಾರದು. ಪಾದ ಭುಜದಷ್ಟು ಅಗಲ, ಬೆರಳು ಸ್ವಲ್ಪ ಹೊರಕ್ಕೆ. ಮೊದಲು ಸೊಂಟ ಹಿಂದಕ್ಕೆ ಹೋಗಬೇಕು, ಹಿಂಬದಿಯಿಂದ ಬಾಗಿಲು ತಳ್ಳುವ ಹಾಗೆ. ಆಮೇಲೆ ಮಂಡಿ ಮಡಿಯಬೇಕು. ಮಂಡಿಗಳು ಒಳಕ್ಕೆ ಬೀಳದೆ ಕಾಲ್ಬೆರಳಿನ ದಿಕ್ಕಿಗೇ ಇರಲಿ. ಮೂರು ಎಣಿಸುತ್ತಾ ನಿಧಾನ ಇಳಿಯಿರಿ. ಧೊಪ್ ಅಂತ ಕೂರಬೇಡಿ, ಬಟ್ಟೆ ಕುರ್ಚಿಗೆ ತಾಗಿದರೆ ಸಾಕು. ಹಿಮ್ಮಡಿ ನೆಲಕ್ಕೆ ಒತ್ತಿ, ಉಸಿರು ಬಿಡುತ್ತಾ ಏಳಿ. ಮೇಲೆ ಬಂದಾಗ ಹಿಂಬದಿ ಬಿಗಿಯಾಗಬೇಕು. ಮಂಡಿಯ ಮುಂದೆ ಚುಚ್ಚಿದರೆ ಸೊಂಟ ಸಾಕಷ್ಟು ಹಿಂದೆ ಹೋಗಿಲ್ಲ ಅಂತ ಅರ್ಥ, ಇಲ್ಲವೇ ಕುರ್ಚಿ ತಗ್ಗಾಯಿತು.

ಉಳಿದವು ಚಿಕ್ಕದಾಗಿ. ಗೋಡೆಗೆ ಕೈಯಿಟ್ಟು ಪುಷ್‌ಅಪ್: ಗೋಡೆಯಿಂದ ಒಂದು ತೋಳು ದೂರ ನಿಂತು, ಮೈ ಹಲಗೆಯಂತೆ ನೇರ ಇಟ್ಟು, ಎದೆಯನ್ನು ಗೋಡೆಯ ಹತ್ತಿರ ತಂದು ತಳ್ಳುವುದು. ಮಲಗಿ ಸೊಂಟ ಎತ್ತುವುದು: ಮಂಡಿ ಮಡಿಸಿ ಅಂಗಾತ ಮಲಗಿ, ಹಿಮ್ಮಡಿ ಒತ್ತಿ ಸೊಂಟ ಎತ್ತಿ ಎರಡು ಎಣಿಸಿ ಇಳಿಸುವುದು. ಎಳೆತಕ್ಕೆ: ಪುಸ್ತಕ ತುಂಬಿದ ಚೀಲ ಹಿಡಿದು, ಇನ್ನೊಂದು ಕೈ ಕುರ್ಚಿಯ ಮೇಲೆ ಊರಿ ಬಗ್ಗಿ, ಮೊಣಕೈ ಹಿಂದಕ್ಕೆ ಹೋಗುವಂತೆ ಚೀಲವನ್ನು ಪಕ್ಕೆಗೆ ಎಳೆಯುವುದು. ಹೊಟ್ಟೆಗೆ: ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ, ಸೊಂಟ ಅಲುಗದಂತೆ ಐದು ಎಣಿಸುವುದು, ಆಮೇಲೆ ಇನ್ನೊಂದು ಬದಿ. ಐದೇ ಐದು. ತಳ್ಳುವುದು, ಎಳೆಯುವುದು, ಕೂತು ಏಳುವುದು, ಸೊಂಟ, ನಡು, ಎಲ್ಲವೂ ಬಂತು.

ಹೊಟ್ಟೆ ಕರಗಿಸಲು ನೂರು ಕ್ರಂಚಸ್ (ಅಂಗಾತ ಮಲಗಿ ತಲೆ, ಭುಜ ಎತ್ತಿ ಇಳಿಸುವುದು) ಮಾಡಬೇಕಾ ಅಂತ ಕೇಳುತ್ತಾರೆ. ಬೇಡ. ಯಾವ ಭಾಗಕ್ಕೆ ವ್ಯಾಯಾಮ ಮಾಡುತ್ತೀರೋ ಅದೇ ಭಾಗದ ಕೊಬ್ಬು ಕರಗುವುದಿಲ್ಲ. ದೇಹ ತನಗೆ ಬೇಕಾದ ಕಡೆಯಿಂದ ಕೊಬ್ಬು ತೆಗೆಯುತ್ತದೆ. ಅದರ ಮೇಲೆ ನಮ್ಮ ಕೈ ನಡೆಯುವುದಿಲ್ಲ.

ಮನೆಗೆಲಸ ಸಾಲದೇ ಅನ್ನುವ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಗುಡಿಸುವುದು, ಒರೆಸುವುದು ಚಟುವಟಿಕೆಯೇ, ದಿನದ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಆದರೆ ಪೊರಕೆಯ ಭಾರ ವರ್ಷವಿಡೀ ಅಷ್ಟೇ ಇರುತ್ತದೆ. ಬಲ ಹೆಚ್ಚಬೇಕಾದರೆ ಕೆಲಸ ಸ್ವಲ್ಪ ಸ್ವಲ್ಪವೇ ಕಷ್ಟವಾಗುತ್ತಾ ಹೋಗಬೇಕು. ಜೊತೆಗೆ, ದಿನವಿಡೀ ಮನೆಗೆಲಸ ಮಾಡಿ ಸುಸ್ತಾದವರಿಗೆ ಇನ್ನೂ ಒಂದು ಗಂಟೆ ವ್ಯಾಯಾಮ ಮಾಡಿ ಅನ್ನುವುದು ನ್ಯಾಯವಲ್ಲ. ಅವರಿಗೆ ಹದಿನೈದು ನಿಮಿಷದ ಬಲದ ವ್ಯಾಯಾಮವೇ ಹೆಚ್ಚು ಉಪಕಾರ ಮಾಡುತ್ತದೆ. ಅದೇ ಬಕೆಟ್ ನಾಳೆ ಹಗುರ ಅನಿಸುತ್ತದೆ.

ನಿಮ್ಮ ಪರಿಸ್ಥಿತಿಗೆ ಯಾವುದು?

ಮಂಡಿ ನೋವಿದ್ದರೆ ಸುಮ್ಮನೆ ಕೂರುವುದು ಪರಿಹಾರವಲ್ಲ, ಜಿಗಿತವೂ ಅಲ್ಲ. ಎತ್ತರದ ಕುರ್ಚಿ, ಸೊಂಟ ಎತ್ತುವುದು, ಸಮತಟ್ಟು ನೆಲದ ನಡಿಗೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಹೊರೆ ಇಳಿಯುತ್ತದೆ.

ಹೆರಿಗೆಯಾಗಿ ಸ್ವಲ್ಪ ದಿನವಾಗಿದ್ದರೆ ನಿಧಾನ ನಡಿಗೆ ಮತ್ತು ಕೆಗಲ್ ಮೊದಲು. ಸಿಸೇರಿಯನ್ ಆದವರು ಆರು ವಾರದ ತಪಾಸಣೆಯಲ್ಲಿ ವೈದ್ಯರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಬೇಕು. ಮೂರು ತಿಂಗಳ ಮೊದಲು ಓಟ, ಜಿಗಿತ ಬೇಡ ಅನ್ನುವುದು ಫಿಸಿಯೋಥೆರಪಿಸ್ಟರ ಸಾಮಾನ್ಯ ಸಲಹೆ. ಇನ್ನೊಂದು ನೋಡಿಕೊಳ್ಳಿ. ಅಂಗಾತ ಮಲಗಿ ತಲೆ ಎತ್ತಿದಾಗ ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ದಿಬ್ಬ ಏಳುತ್ತದೆಯಾ? ಗರ್ಭಿಣಿಯಾಗಿದ್ದಾಗ ಬಿರಿದ ಹೊಟ್ಟೆಯ ಸ್ನಾಯು ಇನ್ನೂ ಕೂಡಿಕೊಂಡಿಲ್ಲದಿರಬಹುದು. ಆಗ ಕ್ರಂಚಸ್, ಪ್ಲ್ಯಾಂಕ್ (ಮೊಣಕೈ ಊರಿ ಮೈಯನ್ನು ಹಲಗೆಯಂತೆ ಎತ್ತಿ ಹಿಡಿಯುವುದು) ಬಿಟ್ಟು ಫಿಸಿಯೋಥೆರಪಿಸ್ಟರನ್ನು ಕಾಣಿ.

ಗರ್ಭಿಣಿಯರು, ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ವೈದ್ಯರ ಒಪ್ಪಿಗೆ ಪಡೆದೇ ಶುರು ಮಾಡಬೇಕು. ಒಪ್ಪಿಗೆ ಬಹುಪಾಲು ಸಿಗುತ್ತದೆ.

ನಲವತ್ತೈದು ದಾಟಿದ್ದರೆ ಬಲದ ವ್ಯಾಯಾಮಕ್ಕೆ ಮೊದಲ ಜಾಗ, ಅದರ ಪಕ್ಕದಲ್ಲೇ ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ. ಗೋಡೆ ಹತ್ತಿರವಿರಲಿ. ವಯಸ್ಸಾದ ಮೇಲೆ ಬೀಳದಂತೆ ಕಾಪಾಡುವುದು ಇದೇ.

ಮುಟ್ಟಿನ ದಿನಗಳಲ್ಲಿ ಬಿಡಬೇಕಾ? ಬಿಡಲೇಬೇಕು ಅಂತೇನಿಲ್ಲ. ಹಗುರ ನಡಿಗೆ, ಯೋಗದಿಂದ ಹೊಟ್ಟೆ ನೋವು ಕಡಿಮೆಯಾಗುವವರು ಬಹಳ ಜನ. ಮೈ ಬೇಡ ಅಂದ ದಿನ ಬಿಡಿ.

ದಿನಾ ಹತ್ತು ನಿಮಿಷವೋ, ಮೂರು ದಿನ ಅರ್ಧ ಗಂಟೆಯೋ?

ನಡಿಗೆ, ಯೋಗ ದಿನಾ ಮಾಡಬಹುದು. ಬಲದ ವ್ಯಾಯಾಮಕ್ಕೆ ಒಂದೇ ಸ್ನಾಯುವಿಗೆ ನಡುವೆ ಒಂದು ದಿನ ಬಿಡುವು ಕೊಡಿ. ಹೊಸಬರಿಗೆ ನಾನು ಹೇಳುವುದು ಒಂದು ದಿನ ಬಿಟ್ಟು ಒಂದು ದಿನ. ಆದರೆ ವ್ಯಾಯಾಮದ ಹೊತ್ತು ಮಾತ್ರ ಎಲ್ಲ ದಿನವೂ ಒಂದೇ ಇರಲಿ. ಬಲದ ದಿನ ಬಲ, ಮಧ್ಯದ ದಿನ ಅದೇ ಹೊತ್ತಿಗೆ ನಡಿಗೆ. ದಿನಕ್ಕೊಂದು ಹೊತ್ತು ಹುಡುಕುತ್ತಾ ಹೋದರೆ ಹೊತ್ತು ಸಿಗುವುದೇ ಇಲ್ಲ, ಅಲ್ವಾ?

ಬೆಳಿಗ್ಗೆ ಒಳ್ಳೆಯದೋ ಸಂಜೆಯೋ ಅನ್ನುವ ಚರ್ಚೆಗೆ ಹೆಚ್ಚು ಸಮಯ ಕೊಡುವುದು ಬೇಡ. ಯಾರೂ ನಿಮ್ಮನ್ನು ಕರೆಯದ ಹದಿನೈದು ನಿಮಿಷ ಯಾವಾಗ ಸಿಗುತ್ತದೋ ಅದೇ ಒಳ್ಳೆಯ ಹೊತ್ತು. ಮನೆಯವರಿಗೂ ಅದನ್ನು ಬಾಯಿಬಿಟ್ಟು ಹೇಳಿ.

ವಿಡಿಯೊ, ಚೀಟಿ, ಆನ್‌ಲೈನ್ ತರಗತಿ

ವಿಡಿಯೊದಲ್ಲಿ ಲಾಭ ಎಂದರೆ ಯೋಚಿಸಬೇಕಿಲ್ಲ. ತೊಂದರೆ ಎಂದರೆ ಅವರ ವೇಗಕ್ಕೆ ನಾವು ಓಡಬೇಕು. ನಾಲ್ಕನೇ ಬಸ್ಕಿ ತಪ್ಪಾಗಿದ್ದರೂ ಅವರು ಐದಕ್ಕೆ ಹೋಗಿರುತ್ತಾರೆ. ನನಗೆ ಒಗ್ಗಿದ್ದು ಚೀಟಿ. ಐದು ವ್ಯಾಯಾಮ ಬರೆದು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ತಾರೀಕು, ಎಷ್ಟು ಸಲ ಅಂತ ಬರೆಯುವುದು. ವಿಡಿಯೊವನ್ನು ಕಲಿಯಲು ನೋಡಿ, ಮಾಡುವಾಗ ಮುಚ್ಚಿಡಿ. ಜೊತೆಗೆ ಯಾರಾದರೂ ಇದ್ದರೆ ಮಾತ್ರ ಮಾಡುತ್ತೇನೆ ಅನ್ನುವ ಸ್ವಭಾವದವರಿಗೆ ಆನ್‌ಲೈನ್ ತರಗತಿ ಒಳ್ಳೆಯದು, ಕಲಿಸುವವರು ನಿಮ್ಮನ್ನು ನೋಡಿ ತಿದ್ದುವಂತಿದ್ದರೆ. ನೂರು ಜನರ ನಡುವೆ ಕ್ಯಾಮೆರಾ ಮುಚ್ಚಿ ಕೂರುವ ತರಗತಿ ವಿಡಿಯೊಗಿಂತ ಹೆಚ್ಚೇನಲ್ಲ.

ತಪ್ಪಾಗುತ್ತಿದೆಯಾ ಅಂತ ತಿಳಿಯಲು ಒಂದು ಉಪಾಯ ಇದೆ. ಫೋನನ್ನು ಪಕ್ಕದಲ್ಲಿ ನಿಲ್ಲಿಸಿ ನಿಮ್ಮದೇ ಐದು ಬಸ್ಕಿ ರೆಕಾರ್ಡ್ ಮಾಡಿ ನೋಡಿ. ಬೆನ್ನು ಗೂನಾಗುವುದು, ಹಿಮ್ಮಡಿ ಏಳುವುದು ತಕ್ಷಣ ಕಾಣುತ್ತದೆ.

ಏನು ಕೊಳ್ಳಬೇಕು?

ಮೊದಲ ತಿಂಗಳು ಏನೂ ಬೇಡ. ಒಂದು ಲೀಟರ್ ನೀರಿನ ಬಾಟಲಿ ಅಂದರೆ ಹೆಚ್ಚುಕಡಿಮೆ ಒಂದು ಕೆಜಿ, ಅದೇ ಡಂಬೆಲ್. ಎರಡನೇ ತಿಂಗಳಿಗೆ ಒಂದನ್ನೇ ಕೊಳ್ಳುವುದಾದರೆ ರೆಸಿಸ್ಟೆನ್ಸ್ ಬ್ಯಾಂಡ್, ಅಂದರೆ ಎಳೆಯುವ ರಬ್ಬರ್ ಪಟ್ಟಿ, ಕೊಳ್ಳಿ. ಜಾಗ ತಿನ್ನುವುದಿಲ್ಲ, ಬೆನ್ನಿಗೆ ಬೇಕಾದ ಎಳೆತ ಕೊಡುತ್ತದೆ. ಬಳಸುವ ಮೊದಲು ಬಿರುಕು ಇದೆಯಾ ನೋಡಿ, ಹರಿದು ಮುಖಕ್ಕೆ ಬಡಿಯಬಹುದು. ಡಂಬೆಲ್ ಲಾಭ ಬೇರೆ: ಎಷ್ಟು ಕೆಜಿ ಅಂತ ಖಚಿತವಾಗಿ ಗೊತ್ತಿರುವುದರಿಂದ ಏರಿಕೆ ಅಳೆಯಬಹುದು. ಟ್ರೆಡ್‌ಮಿಲ್, ಸೈಕಲ್ ವಿಚಾರ ಆರು ತಿಂಗಳ ನಂತರ ಮಾಡಿದರೆ ಸಾಕು. ನಿಂತುಹೋದ ದೊಡ್ಡ ಯಂತ್ರ ಮನೆಯಲ್ಲಿದ್ದರೆ ನೋಡಿದಾಗಲೆಲ್ಲ ಮನಸ್ಸಿಗೆ ಭಾರ.

ಮೊದಲ ತಿಂಗಳು ಹೀಗಿರಲಿ

ಐದು ನಿಮಿಷ ನಿಂತಲ್ಲೇ ಹೆಜ್ಜೆ ಹಾಕಿ, ಭುಜ, ಸೊಂಟ ತಿರುಗಿಸಿ ಮೈ ಬಿಸಿ ಮಾಡಿಕೊಳ್ಳಿ. ಮೊದಲ ವಾರ ಐದೂ ವ್ಯಾಯಾಮ ಎಂಟೆಂಟು ಸಲ, ಒಂದೇ ಸುತ್ತು. 'ಇಷ್ಟೇನಾ' ಅನಿಸಬೇಕು. ಅನಿಸಿದರೂ ಅಲ್ಲಿಗೇ ನಿಲ್ಲಿಸಿ. ಎರಡನೇ ವಾರ ಹತ್ತು ಸಲ. ಮೂರನೇ ವಾರ ಎರಡು ಸುತ್ತು, ನಡುವೆ ಒಂದು-ಒಂದೂವರೆ ನಿಮಿಷ ಬಿಡುವು. ನಾಲ್ಕನೇ ವಾರ ಅದೇ ಎರಡು ಸುತ್ತು, ಹನ್ನೆರಡು ಸಲ. ಕೊನೆಯ ಎರಡು ಸಲ ಕಷ್ಟ ಅನಿಸಬೇಕು, ಆದರೆ ಭಂಗಿ ಕೆಡಬಾರದು. ಎರಡು ದಿನ ಸತತವಾಗಿ ಹನ್ನೆರಡು ಸುಲಭವಾಗಿ ಬಂತು ಅಂದರೆ ಮುಂದಿನ ಮೆಟ್ಟಿಲು: ಗೋಡೆಯಿಂದ ಮೇಜಿಗೆ, ಎತ್ತರದ ಕುರ್ಚಿಯಿಂದ ತಗ್ಗಿನ ಸ್ಟೂಲಿಗೆ, ಬರಿಗೈಯಿಂದ ಬಾಟಲಿಗೆ.

ನೋವಿನ ಬಗ್ಗೆ ಹೇಳಲೇಬೇಕು, ಹೆಚ್ಚಿನವರು ಬಿಡುವುದು ಇಲ್ಲೇ. ಹೊಸ ವ್ಯಾಯಾಮದ ಮೈಕೈ ನೋವು ಮಾಡಿದ ತಕ್ಷಣ ಬರುವುದಿಲ್ಲ, ಒಂದರಿಂದ ಮೂರನೇ ದಿನದೊಳಗೆ ಜೋರಾಗಿ ಆಮೇಲೆ ತಾನೇ ಇಳಿಯುತ್ತದೆ. ಎರಡೂ ಕಾಲಲ್ಲಿ, ಸ್ನಾಯುವಿನ ಉದ್ದಕ್ಕೂ, ಮುಟ್ಟಿದರೆ ನೋಯುವಂಥದ್ದು. ನಡೆದಾಡಿದರೆ ಹಗುರವಾಗುತ್ತದೆ. ಒಂದೇ ಕಡೆ, ಕೀಲಿನೊಳಗೆ, ಚುಚ್ಚಿದಂತೆ ಇದ್ದರೆ ಅದು ಬೇರೆ, ಆ ವ್ಯಾಯಾಮ ನಿಲ್ಲಿಸಿ. ಎದೆ ನೋವು, ತಲೆ ಸುತ್ತು, ವಿಪರೀತ ಉಬ್ಬಸ ಬಂದರೆ ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕಾಣಿ.

ಅಳೆಯುವುದಾದರೆ ತೂಕದ ಯಂತ್ರಕ್ಕಿಂತ ಕುರ್ಚಿಯನ್ನು ನಂಬಿ. ಕೈ ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ ಎಣಿಸಿ. ವಯಸ್ಸಾದವರ ಕಾಲಿನ ಬಲ ನೋಡಲು ವೈದ್ಯರೂ ಫಿಸಿಯೋಥೆರಪಿಸ್ಟರೂ ಬಳಸುವ ಪರೀಕ್ಷೆ ಇದು. ಮೊದಲ ದಿನ ಬರೆದಿಡಿ, ಆರನೇ ವಾರ ಮತ್ತೆ ಮಾಡಿ. ಮೊದಲ ಕೆಲವು ವಾರ ಸ್ನಾಯು ದಪ್ಪವಾಗದೇ ಇದ್ದರೂ ಸಂಖ್ಯೆ ಏರುತ್ತದೆ, ಯಾಕೆಂದರೆ ಇದ್ದ ಸ್ನಾಯುವನ್ನು ಚೆನ್ನಾಗಿ ಬಳಸಲು ನರಗಳು ಮೊದಲು ಕಲಿಯುತ್ತವೆ. ಕನ್ನಡಿಯಲ್ಲಿ ಏನೂ ಕಾಣಲಿಲ್ಲ ಅಂತ ಆ ಹೊತ್ತಿಗೆ ಬಿಟ್ಟುಬಿಟ್ಟರೆ ನಷ್ಟ.

ನಡುವೆ ತಪ್ಪುತ್ತದೆ. ಮಗುವಿಗೆ ಜ್ವರ, ಮನೆಯಲ್ಲಿ ನೆಂಟರು, ಊರಿಗೆ ಪ್ರಯಾಣ. ಲಂಡನ್ನಿನ ಒಂದು ವಿಶ್ವವಿದ್ಯಾಲಯದ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿ ಬರುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254 ದಿನದ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಚೀಟಿಯಲ್ಲಿದ್ದದ್ದನ್ನೇ ಮಾಡಿ, ಎರಡು ದಿನದ್ದು ಸೇರಿಸಿ ಮಾಡಬೇಡಿ. ಒಂದು ವಾರ ತಪ್ಪಿದರೆ ಹಿಂದಿನ ವಾರದ ಲೆಕ್ಕಕ್ಕೆ ಇಳಿಯಿರಿ. ತಿಂಗಳು ತಪ್ಪಿದರೆ ಮತ್ತೆ ಎಂಟು ಸಲ, ಒಂದು ಸುತ್ತು. ಎರಡನೇ ಬಾರಿ ಮೊದಲಿಗಿಂತ ಬೇಗ ಏರುತ್ತೀರಿ.